ಭಾವ ಬೇಡ ಅಂದರಂತೆ

ನಮ್ಮ ಮನೆಯಲ್ಲಿ ಲೋಟ ಬೋರಲು ಹಾಕಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ತೊಳೆದ ಲೋಟವನ್ನು ಬೋರಲು ಹಾಕದೆ ಇನ್ನೇನು ಮಾಡುವುದು, ನೀರು ಇಳಿಯಬೇಡವೇ ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಅದನ್ನೇ ಕೇಳುತ್ತಾರೆ. ಇಳಿಯಲಿ, ನಾನು ಬೇಡವೆಂದೆನೇ? ನನ್ನ ಕಣ್ಣಿಗೆ ಕಾಣದ ಹಾಗೆ ಇಳಿಯಲಿ. ಅಡುಗೆಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲಾಗಿ ಕೂತದ್ದು ಕಂಡರೆ ಸಾಕು, ಎಲ್ಲಿತ್ತೋ ಸಿಟ್ಟು, ನೆತ್ತಿಗೆ ಏರುತ್ತದೆ. ಹೋಗಿ ಅದನ್ನು ನೆಟ್ಟಗೆ ನಿಲ್ಲಿಸಿ, ಒಂದು ಸಲ ಗುರಾಯಿಸಿ ಬರುತ್ತೇನೆ.

"ಆ ಲೋಟ ನಿಂಗೇನೇ ಮಾಡ್ತು?" ಎನ್ನುತ್ತಾರೆ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಸಿಟ್ಟು ನನಗೆ ಹೊಸದೇನಲ್ಲ. ತುಮಕೂರಿನ ಸತ್ಯಮಂಗಲದಲ್ಲಿ ರಟ್ಟಿನ ಡಬ್ಬ ಮಾಡುವ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್. ಅಲ್ಲಿ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ದನಿ ಹೇಗಾಗಿದೆ ಎಂದರೆ, ಮದುವೆ ಮನೆಯಲ್ಲಿ ಇನ್ನೊಂದು ಸ್ವಲ್ಪ ಪಲ್ಯ ಹಾಕಿ ಎಂದರೂ ಬಡಿಸುವವರು ಹೆದರಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೆ ಲೋಟದ ಮೇಲಿನ ಸಿಟ್ಟು ಬೇರೆ. ಅದಕ್ಕೆ ಕಾರಣ ಸತ್ತವರನ್ನು ಕರೆಸಿ ಮಾತಾಡಿಸುವ ಒಂದು ವಿದ್ಯೆ, ಮತ್ತು ಆ ವಿದ್ಯೆ ನನ್ನ ಅಕ್ಕನನ್ನು ಎಲ್ಲಿಗೆ ತಂದು ನಿಲ್ಲಿಸಿತ್ತು ಎನ್ನುವುದು.

ಆ ವಿದ್ಯೆಯ ಪರಿಚಯ ನನಗೆ ಮೊದಲು ಆದದ್ದು ತುಮಕೂರಿನ ಹುಡುಗಿಯರ ಹಾಸ್ಟೆಲಿನಲ್ಲಿ, ಪಿಯುಸಿ ಓದುವಾಗ. ವಾರ್ಡನ್ ಊರಿಗೆ ಹೋಗಿದ್ದ ಒಂದು ಭಾನುವಾರದ ಮಧ್ಯಾಹ್ನ ನಮ್ಮ ರೂಮಿನ ಜಯಶೀಲ ಕ್ಯಾರಂ ಬೋರ್ಡಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಸುತ್ತಲೂ ಇಂಗ್ಲಿಷ್ ಅಕ್ಷರಗಳನ್ನು ಬರೆದಳು. ನಡುವೆ ಒಂದು ಲೋಟ ಬೋರಲು. ಲೋಟದ ಮೇಲೆ ನಮ್ಮೆಲ್ಲರ ಒಂದೊಂದು ಬೆರಳು. ಊದುಬತ್ತಿ ಹಚ್ಚಿ, ಕಿಟಕಿ ಮುಚ್ಚಿ, "ಒಳ್ಳೇ ಆತ್ಮ ಯಾವುದಾದ್ರೂ ಹತ್ರ ಇದ್ರೆ ಬಾ" ಎಂದು ಕರೆದೆವು. ಬಂದದ್ದು ವಾರ್ಡನ್ ಅವರ ತೀರಿಹೋದ ಅತ್ತೆ. ಜೀವಮಾನದಲ್ಲಿ ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜಿ ಸತ್ತ ಮೇಲೆ ಇಂಗ್ಲಿಷ್ ಕಲಿತು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ನನ್ನ ಸರದಿ ಬಂತು. ಗಿರಿಜ ಪಾಸಾಗುತ್ತಾಳಾ ಎಂದು ಯಾರೋ ಕೇಳಿದರು. ಲೋಟ ಸರಿದಾಡಿ ಎಫ್, ಎ, ಎಲ್, ಇ ಎಂದು ತೋರಿಸಿತು. ಅದು ಫೇಲ್ ಎಂಬ ಶಬ್ದದ ಜಯಶೀಲಳ ಸ್ಪೆಲಿಂಗ್ ಎಂಬುದು ಅವಳ ನೋಟ್ಸ್ ನೋಡಿಕೊಂಡು ಓದುತ್ತಿದ್ದ ನನಗೆ ಕೂಡಲೇ ತಿಳಿಯಿತು. ಉಳಿದವರು ನನ್ನ ಭವಿಷ್ಯ ನೆನೆದು ಕಣ್ಣೀರು ಹಾಕುತ್ತಿದ್ದರೆ ನಾನು "ನೀನ್ಯಾವಳೇ ನನ್ನ ಫೇಲ್ ಮಾಡೋಕೆ?" ಎಂದು ಲೋಟವನ್ನು ಕಿಟಕಿ ತೆಗೆದು ಹೊರಗೆ ಎಸೆದೆ. ಆ ಸಿಟ್ಟಿನಲ್ಲೇ ಓದಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಜಯಶೀಲ ಇಂಗ್ಲಿಷಿನಲ್ಲಿ ಫೇಲಾದಳು. ಅಜ್ಜಿ ಅವಳ ವಿಷಯ ಏನೂ ಹೇಳಿರಲಿಲ್ಲ.

ಹಾಗೆಂದು ಸತ್ತವರ ಜೊತೆ ಮಾತಾಡುವುದೇ ತಪ್ಪು ಎನ್ನುವವಳು ನಾನಲ್ಲ. ಗುಬ್ಬಿ ಹತ್ತಿರದ ನಿಟ್ಟೂರು ನಮ್ಮ ತವರು. ಅಲ್ಲಿ ನಮ್ಮ ಅಜ್ಜಿ ಹಿರಿಯರ ಹಬ್ಬದ ದಿನ ತಾತನ ಎಡೆ ಹಾಕಿ, ಹೊಸ ಪಂಚೆ ಇಟ್ಟು, ಪಂಚೆಯ ಮೇಲೆ ಒಂದು ಕಟ್ಟು ಬೀಡಿ ಇಟ್ಟು, ಬಾಗಿಲು ಎಳೆದುಕೊಂಡು ಆಚೆ ಕೂರುತ್ತಿದ್ದಳು. ಕೂತವಳು ಸುಮ್ಮನಿರುತ್ತಿರಲಿಲ್ಲ. "ಕಡುಬು ಬಿಸಿ ಅದೆ, ನೋಡ್ಕಂಡು ತಿನ್ನಿ. ಆಮೇಲೆ ನಾಲಿಗೆ ಸುಟ್ತು ಅಂತ ನನ್ ಮ್ಯಾಲೆ ಎಗರಬ್ಯಾಡಿ" ಎಂದು ಬಾಗಿಲಿನ ಸಂದಿಯಿಂದ ತಾತನಿಗೆ ಹೇಳುತ್ತಿದ್ದಳು. ರೈಲು ಹೋದ ಸದ್ದಿಗೆ ಬಾಗಿಲು ಅಲುಗಾಡಿದರೆ ತಾತ ಊಟ ಮುಗಿಸಿ ಎದ್ದರು ಎಂದು ಅರ್ಥ. ನಾವು ಮಕ್ಕಳು ಒಳಗೆ ನುಗ್ಗಿ ಕಡುಬಿಗೆ ಕೈ ಹಾಕುತ್ತಿದ್ದೆವು. ನಮ್ಮ ಕಡೆಯ ಹಿರಿಯರು ಹೀಗೆ ವರ್ಷಕ್ಕೊಮ್ಮೆ ಬರುತ್ತಿದ್ದರು, ಉಣ್ಣುತ್ತಿದ್ದರು, ಹೋಗುತ್ತಿದ್ದರು. ಸಲಹೆ ಕೊಡುತ್ತಿರಲಿಲ್ಲ.

ಸಲಹೆ ಕೊಟ್ಟವರು ನನ್ನ ಭಾವ.

ಭಾವ ಕುಣಿಗಲ್ಲಿನಲ್ಲಿ ಪಿ.ಟಿ. ಮೇಷ್ಟ್ರು. ರುದ್ರಯ್ಯ ಮೇಷ್ಟ್ರು ಎಂದರೆ ಮಕ್ಕಳಿಗೆ ನಡುಕ. ಬಿಳಿ ಪ್ಯಾಂಟು, ಬಿಳಿ ಬೂಟು, ಕುತ್ತಿಗೆಯಲ್ಲಿ ವಿಷಲ್ಲು. ಬೆಳಗಾಗೆದ್ದು ಕೆರೆ ಏರಿಯ ಮೇಲೆ ಬಿರಬಿರನೆ ನಡೆದು ಬರುವರು. ಕೆಟ್ಟವರಲ್ಲ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೆ ಮನೆಯಲ್ಲಿ ಮಾತು ಎನ್ನುವುದು ಅವರಿಗೆ ಕೈಯಿಂದ ದುಡ್ಡು ಬಿಚ್ಚಿ ಕೊಳ್ಳಬೇಕಾದ ಸಾಮಾನು. ಗಂಗಕ್ಕ, ಅಂದರೆ ನನ್ನ ಅಕ್ಕ, ಮುದ್ದೆ ಬಡಿಸಿ "ಸಾರು ಹೆಂಗೈತೆ?" ಎಂದರೆ "ಹೂಂ." "ಉಪ್ಪು ಸಾಕಾ?" "ಹೂಂ." ಮಗಳು ಸ್ಪಂದನ ಹುಟ್ಟಿದಾಗ ಆಸ್ಪತ್ರೆಗೆ ಬಂದು, ಮಗು ನೋಡಿ, ಅಕ್ಕನನ್ನು ನೋಡಿ, "ಫ್ಯಾನ್ ಜೋರು ಮಾಡ್ಲಾ?" ಎಂದರಂತೆ. ಅಕ್ಕ ಅದನ್ನು ಈಗಲೂ ಒಂದು ಪ್ರೀತಿಯ ಮಾತಿನಂತೆ ಹೇಳುತ್ತಾಳೆ. ನನಗೆ ಮೈ ಉರಿಯುತ್ತದೆ.

ಅವರು ತೀರಿಕೊಂಡ ರೀತಿಗೆ ಇನ್ನೂ ಉರಿಯುತ್ತದೆ. ಶಾಲೆಯ ಕ್ರೀಡಾಕೂಟದ ತಯಾರಿ ಮುಗಿಸಿ ಬಂದವರು ಎದೆ ಹಿಡಿದುಕೊಂಡು ಕೂತರು. ಅಕ್ಕ ಆಸ್ಪತ್ರೆಗೆ ಹೋಗೋಣ ಎಂದಳು. ಗ್ಯಾಸು ಎಂದರು. ಅಕ್ಕ ಸೀರೆ ಬದಲಾಯಿಸಿ, ಆಟೊ ಕರೆಸಿ ಬಾಗಿಲಿಗೆ ನಿಲ್ಲಿಸಿದಳು. ಅವರು ಎದ್ದು ಹೋಗಿ ಆಟೊದವನನ್ನು ವಾಪಸು ಕಳಿಸಿ, ಉಪ್ಪು ಹಾಕಿದ ಸೋಡಾ ಕುಡಿದು, "ಸುಮ್ನೆ ಗಾಬ್ರಿ ಬೀಳ್ಬೇಡ" ಎಂದು ಮಲಗಿದರು. ಬೆಳಗ್ಗೆ ಏಳಲಿಲ್ಲ. ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದೆವು. ಆರಾಧನೆಯ ಕಾರ್ಡಿನಲ್ಲಿ ಶಿವೈಕ್ಯರಾದರು ಎಂದು ಅಚ್ಚು ಹಾಕಿಸಿದೆವು. ಶಿವನಲ್ಲಿ ಒಂದಾದರು, ಬಯಲಾದರು, ಇನ್ನು ಅವರು ಬೇರೆಯಾಗಿ ಎಲ್ಲೂ ಇಲ್ಲ ಎಂದು ಮಠದ ಸ್ವಾಮಿಗಳು ಅಕ್ಕನಿಗೆ ಬಿಡಿಸಿ ಹೇಳಿದರು. ಅಕ್ಕ ಕೇಳಿಸಿಕೊಂಡಳು.

ಇದಾಗಿ ಎರಡು ವರ್ಷಕ್ಕೆ, ಅಕ್ಕನ ಎದೆಯಲ್ಲಿ ಒಂದು ಗಂಟು ಕಾಣಿಸಿತು. ನಾನೇ ತುಮಕೂರಿಗೆ ಕರೆಸಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಫೋಟೊ ತೆಗೆಸಿ, ಸೂಜಿ ಹಾಕಿ ಪರೀಕ್ಷೆ ಮಾಡಿಸಿ, ಇದನ್ನು ಆಪರೇಷನ್ ಮಾಡಿ ತೆಗೆಯಲೇಬೇಕು, ತಡ ಮಾಡಬೇಡಿ ಎಂದರು. ದಿನ ಗೊತ್ತು ಮಾಡಿದೆವು. ಸ್ಪಂದನ ತಿಪಟೂರಿನ ಅತ್ತೆ ಮನೆಯಲ್ಲಿ ಹಸಿ ಬಾಣಂತಿ, ಅವಳಿಗೆ ಈಗಲೇ ತಿಳಿಸುವುದು ಬೇಡ ಎಂದು ಅಕ್ಕ ನನ್ನಿಂದ ಮಾತು ತೆಗೆದುಕೊಂಡಳು. ಬಟ್ಟೆಬರೆ ತರುತ್ತೇನೆಂದು ಕುಣಿಗಲ್ಲಿಗೆ ಹೋದವಳು ಫೋನ್ ಮಾಡಿದಳು. ನಾನು ಫ್ಯಾಕ್ಟರಿಯಲ್ಲಿದ್ದೆ.

"ಗಿರಿ, ಆಪ್ರೇಷನ್ ಬೇಡ ಕಣೇ. ಬೇಡ ಅಂದ್ರು."

"ಯಾರು? ಡಾಕ್ಟರಮ್ಮನಾ?"

"ಅಲ್ಲ. ನಿಮ್ ಭಾವ."

ಯಂತ್ರದ ಸದ್ದಿನಲ್ಲಿ ನನಗೆ ತಪ್ಪು ಕೇಳಿಸಿತು ಅಂದುಕೊಂಡು ಹೊರಗೆ ಬಂದೆ. "ಯಾವ ಭಾವ?"

"ನಂಗೆಷ್ಟು ಜನ ಗಂಡಂದ್ರು ಅವ್ರೆ? ನಿಮ್ ಭಾವನೇ. ಇವತ್ತು ಬಂದಿದ್ರು."

ಅಲ್ಲಿ ಗೇಟಿನ ಹತ್ತಿರ ನಿಂತು ನಾನು ಫೋನಿನಲ್ಲಿ ಕೂಗಿದ್ದು ಪಕ್ಕದ ಫ್ಯಾಕ್ಟರಿಯವರಿಗೂ ಕೇಳಿಸಿತಂತೆ. ಅರ್ಧ ದಿನ ರಜ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟುವವರೆಗೂ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ ಕಡಲೆಕಾಯಿ ತಿನ್ನುವುದನ್ನೂ ನಿಲ್ಲಿಸಿದ್ದಳು.

ಅಕ್ಕ ಬಾಗಿಲಲ್ಲೇ ಇದ್ದಳು. ಎರಡು ವರ್ಷದಲ್ಲಿ ನಾನು ಕಾಣದಿದ್ದ ಒಂದು ಕಳೆ ಮುಖದಲ್ಲಿತ್ತು. ಅದು ನನಗೆ ಇನ್ನೂ ಸಿಟ್ಟು ತರಿಸಿತು. ಕೇಳಿದೆ. ಹೇಳಿದಳು. ಅವರ ಬೀದಿಯ ಕೊನೆಯಲ್ಲಿ ಲಲಿತಮ್ಮ ಎಂಬ ನಿವೃತ್ತ ಹಿಂದಿ ಟೀಚರ್ ಇದ್ದಾರೆ. ಅವರ ಮನೆಯಲ್ಲಿ ಬುಧವಾರ ಬುಧವಾರ ಆತ್ಮಗಳ ಜೊತೆ ಮಾತುಕತೆ. ಆರು ತಿಂಗಳಿಂದ ಅಕ್ಕ ಹೋಗುತ್ತಿದ್ದಾಳೆ.

"ದುಡ್ಡು ಎಷ್ಟು ತಗೋತಾಳೆ?" ಎಂದೆ.

"ಒಂದು ಪೈಸೆನೂ ಇಲ್ಲ. ಅವರೇ ಕಾಫಿ ಕೊಡ್ತಾರೆ, ನಿಪ್ಪಟ್ಟು ಕೊಡ್ತಾರೆ."

ಇದು ನನಗೆ ದೊಡ್ಡ ಪೆಟ್ಟು. ದುಡ್ಡು ತೆಗೆದುಕೊಳ್ಳುತ್ತಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡಬಹುದಿತ್ತು. ನಿಪ್ಪಟ್ಟು ಕೊಟ್ಟವರ ಮೇಲೆ ಏನೆಂದು ಕೊಡುವುದು?

"ಅಕ್ಕ, ಭಾವ ಶಿವೈಕ್ಯರಾದ್ರು ಅಂತ ನಾವೇ ಕಾರ್ಡ್ ಹಂಚಿದೀವಿ. ಶಿವನಲ್ಲಿ ಐಕ್ಯ ಆದೋರು ಬುಧವಾರ ಬುಧವಾರ ಕುಣಿಗಲ್ಲಿಗೆ ಬಂದು ಹೋಗೋಕೆ ಅದೇನು ಬಸ್ಸಾ?"

ಅಕ್ಕ ನಗಲಿಲ್ಲ. "ನೀವೆಲ್ಲ ಬರ್ತಿದ್ರಿ ಗಿರಿ. ನಾನು ಅವರ ಹೆಸರು ಎತ್ತಿದ ತಕ್ಷಣ ಮಾತು ಬದಲಾಯಿಸ್ತಿದ್ರಿ. ಸಮಾಧಾನ ಮಾಡ್ಕೊ, ಟಿವಿ ನೋಡು, ಮೊಮ್ಮಗು ಬರುತ್ತೆ ಅಂತಿದ್ರಿ. ಲಲಿತಮ್ಮ ಒಬ್ರೇ, 'ಮೇಷ್ಟ್ರು ಹೆಂಗಿದ್ರು ಹೇಳಿ' ಅಂತ ಕೇಳಿದ್ದು."

ಅವಳು ಹೇಳಿದ್ದು ನಿಜ. ತಪ್ಪು ನನ್ನದೇ ಆದಾಗಲೂ ನನಗೆ ಬರುವುದು ಸಿಟ್ಟೇ. "ನಡಿ, ಆ ಲಲಿತಮ್ಮನ್ನ ನೋಡೇಬಿಡ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

ಲಲಿತಮ್ಮ ಹೇಗಿರಬಹುದೆಂದು ದಾರಿಯುದ್ದಕ್ಕೂ ಊಹಿಸಿಕೊಂಡಿದ್ದೆ. ಹಣೆ ತುಂಬ ಕುಂಕುಮ, ಕೆದರಿದ ಕೂದಲು, ಕೆಂಪು ಕಣ್ಣು. ಬಾಗಿಲು ತೆರೆದವರು ತಿಳಿನೀಲಿ ಕಾಟನ್ ಸೀರೆಯ, ಕನ್ನಡಕದ, ತೆಳ್ಳಗಿನ ಹೆಂಗಸು. ನಡುಮನೆಯಲ್ಲಿ ಕಾಲೇಜು ಹುಡುಗನೊಬ್ಬನ ಫೋಟೊ, ಅದಕ್ಕೆ ಹಾರವಿಲ್ಲ. ಹೈವೇಯಲ್ಲಿ ಬೈಕ್ ಅಪಘಾತದಲ್ಲಿ ಹೋದ ಅವರ ಒಬ್ಬನೇ ಮಗ. ಹಾರ ಯಾಕೆ ಹಾಕಿಲ್ಲವೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು: "ಇಲ್ಲದೋರಿಗೆ ಹಾರ ಹಾಕೋದು. ಇವನು ಇದಾನಲ್ಲ."

ಕಾಫಿ ಬಂತು. ಜಗಳವಾಡಲು ಬಂದವಳು ಲೋಟ ಹಿಡಿದು ಪಾಠ ಕೇಳುತ್ತ ಕೂತೆ. ಟೀಚರ್ ಆಗಿದ್ದವರಲ್ಲವೇ, ಚೆನ್ನಾಗಿಯೇ ಹೇಳಿದರು. ಇದಕ್ಕೆ ಸ್ಪಿರಿಚುಯಲಿಸಂ ಎಂದು ಹೆಸರು. ನಾವು ಅಧ್ಯಾತ್ಮ ಅನ್ನುವುದು ಬೇರೆ, ಇದು ಬೇರೆ. ಇದು ಶುರುವಾದದ್ದು ಅಮೆರಿಕದ ಒಂದು ಹಳ್ಳಿ ಮನೆಯಲ್ಲಿ. ಚಿಕ್ಕ ವಯಸ್ಸಿನ ಅಕ್ಕತಂಗಿಯರು ಗೋಡೆಯೊಳಗಿನ ಟಕಟಕ ಸದ್ದಿಗೆ ಪ್ರಶ್ನೆ ಕೇಳಿದರು, ಸದ್ದು ಉತ್ತರ ಕೊಟ್ಟಿತು. ಆಮೇಲೆ ಅದು ಇಂಗ್ಲೆಂಡಿಗೆ ಹೋಯಿತು, ಎಲ್ಲ ಕಡೆ ಹಬ್ಬಿತು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಮನೆಮನೆಯಲ್ಲಿ ಮೇಜಿನ ಸುತ್ತ ಕೂತರು. ಅವರ ನಂಬಿಕೆ ಇಷ್ಟು: ಸಾವೆಂದರೆ ಮುಗಿಯುವುದಲ್ಲ, ಪಕ್ಕದ ಕೋಣೆಗೆ ಹೋಗುವುದು. ಅಲ್ಲಿ ನರಕವಿಲ್ಲ, ಬೆಂಕಿಯಿಲ್ಲ. ಒಂದರ ಮೇಲೊಂದು ಲೋಕಗಳಿವೆ. ಆತ್ಮ ಅಲ್ಲೂ ಕಲಿಯುತ್ತದೆ, ತಿದ್ದಿಕೊಳ್ಳುತ್ತದೆ, ಮೇಲಕ್ಕೆ ಹೋಗುತ್ತದೆ. ಇಲ್ಲಿಯವರ ಮೇಲೆ ಪ್ರೀತಿ ಹಾಗೇ ಇರುತ್ತದೆ. ಮೀಡಿಯಂ ಆದವರು ನಡುವೆ ಕೂತು ಬಾಗಿಲು ತೆಗೆಯುತ್ತಾರೆ, ಅಷ್ಟೇ. ಕೆಲವರು ಮೈಮರೆತು ಸತ್ತವರ ದನಿಯಲ್ಲಿ ಮಾತಾಡುತ್ತಾರೆ, ಕೆಲವರ ಕೈ ತಾನಾಗಿ ಬರೆಯುತ್ತದೆ. ಪ್ರತಿ ಮೀಡಿಯಂಗೂ ಆಚೆ ಕಡೆ ಒಬ್ಬ ಮಾರ್ಗದರ್ಶಿ ಇರುತ್ತಾನೆ. ಲಲಿತಮ್ಮನವರ ಮಾರ್ಗದರ್ಶಿ ಯಾವುದೋ ಕಾಲದಲ್ಲಿ ಕಾಶಿಯಲ್ಲಿದ್ದ ಒಬ್ಬ ವೈದ್ಯ.

"ಆ ಅಕ್ಕತಂಗಿಯರಲ್ಲಿ ಒಬ್ಬಳು ಮುಂದೆ, ಕಾಲ್ಬೆರಳಿನ ಲಟಿಕೆ ಮುರಿದು ಆ ಸದ್ದು ಮಾಡ್ತಿದ್ವಿ ಅಂತ ಒಪ್ಕೊಂಡಳಂತಲ್ಲ?" ಎಂದೆ. ಸತ್ತವರು ಬಂದು ಮಾತಾಡುವ ವಿಷಯ ಬಸ್ಸಿನಲ್ಲಿ ಮೊಬೈಲ್ ನೋಡಿಕೊಂಡೇ ಬಂದಿದ್ದೆ.

"ಆಮೇಲೆ ಅವಳೇ ಆ ಮಾತು ವಾಪಸ್ ತಗೊಂಡ್ಳು. ಅದನ್ನ ಓದಿಲ್ವಾ?" ಎಂದು ಲಲಿತಮ್ಮ ನಕ್ಕರು. ಓದಿರಲಿಲ್ಲ. ಹೆಬ್ಬೂರಿನಲ್ಲಿ ಸಿಗ್ನಲ್ ಹೋಗಿತ್ತು.

"ನೋಡಿ ಗಿರಿಜಮ್ಮ, ನೀವೇ ಕೂತ್ಕೊಂಡು ನೋಡಿ. ಆಮೇಲೆ ಬೈಯಿರಿ."

ಒಳಕೋಣೆಯ ಪರದೆ ಎಳೆದರು. ಹೊರಗೆ ಇನ್ನೂ ಬಿಸಿಲು, ಒಳಗೆ ಒಂದು ದೀಪ. ನೆಲದ ಮೇಲೆ ದೊಡ್ಡ ಬಿಳಿ ರಟ್ಟು. ಅದರ ಸುತ್ತಲೂ ಅ ಇಂದ ಳ ವರೆಗೆ ವರ್ಣಮಾಲೆಯನ್ನು ಅಚ್ಚುಕಟ್ಟಾಗಿ ಬರೆದಿದ್ದರು. ರಟ್ಟು ಒಳ್ಳೆಯ ಕ್ವಾಲಿಟಿಯದು ಎಂದು ನನ್ನ ಕಣ್ಣು ಆ ಸಿಟ್ಟಿನಲ್ಲೂ ಗಮನಿಸಿತು. ನಡುವೆ, ನೀವು ಊಹಿಸಿದ ಹಾಗೆ, ಬೋರಲು ಲೋಟ. ಪ್ರಾರ್ಥನೆ ಆಯಿತು. ಅದರಲ್ಲಿ ಶಿವನೂ ಇದ್ದ, ರಾಮನೂ ಇದ್ದ, ಕಾಶಿಯ ವೈದ್ಯನೂ ಇದ್ದ. ನಾವು ಮೂವರೂ ಬೆರಳಿಟ್ಟೆವು.

ಲೋಟ ಸರಿಯಿತು. ನಾನು ತಳ್ಳಲಿಲ್ಲ. ಲಲಿತಮ್ಮನವರ ಕಣ್ಣು ಮುಚ್ಚಿತ್ತು. ಅಕ್ಕನ ಮುಖದಲ್ಲಿ ಮದುವೆಯ ದಿನದ ನಾಚಿಕೆ. ಗೊತ್ತಿಲ್ಲದೆಯೇ ನಮ್ಮ ಬೆರಳುಗಳು ಸ್ವಲ್ಪ ಸ್ವಲ್ಪ ಒತ್ತಿ ಲೋಟವನ್ನು ನಡೆಸುತ್ತವೆ ಎಂದು ತಿಳಿದವರು ಹೇಳುತ್ತಾರೆ. ಇರಬೇಕು. ಆದರೆ ತಣ್ಣಗಿನ ಸ್ಟೀಲು ಬೆರಳಿನ ಕೆಳಗೆ ತಾನಾಗಿ ಹೊರಟಾಗ ಬೆರಳು ಹಿಂದಕ್ಕೆಳೆಯಬೇಕು ಅನ್ನಿಸಿದ್ದು ಸುಳ್ಳಲ್ಲ. ಲೋಟ ಗ ದ ಮುಂದೆ ನಿಂತಿತು, ಆಮೇಲೆ ಇನ್ನೊಂದು ಸಲ ಗ.

"ಗಂಗಾ ಅಂತ ಕರೀತಿದಾರೆ" ಎಂದರು ಲಲಿತಮ್ಮ.

ಅಕ್ಕನ ಕಣ್ಣಲ್ಲಿ ನೀರು. ಬದುಕಿದ್ದಷ್ಟು ಕಾಲ ಭಾವ ಅವಳನ್ನು ಕರೆದದ್ದು "ಏಯ್" ಎಂದು. ಅಥವಾ "ಇಲ್ಲಿ ನೋಡು" ಎಂದು. ಹೆಸರು ಹಿಡಿದದ್ದು ನಾನಂತೂ ಕೇಳಿಲ್ಲ.

ಆ ರಟ್ಟಿನಲ್ಲಿ ಒಂದು ತೊಡಕಿತ್ತು. ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ. ಆತ್ಮ ಬರಿಯ ಮೂಲಾಕ್ಷರ ತೋರಿಸುತ್ತದೆ, ಲಲಿತಮ್ಮ ಕೊಂಬು ಇಳಿಗಳನ್ನು ಹಚ್ಚಿ ಓದುತ್ತಾರೆ. ಚ, ನ, ಇ ಎಂದು ಬಂದರೆ "ನಾನಿಲ್ಲಿ ಚೆನ್ನಾಗಿದ್ದೇನೆ, ನೀನು ಅಳಬೇಡ, ನಿನ್ನ ಕೈ ಅಡುಗೆ ನೆನಪಾಗುತ್ತದೆ." ಅಷ್ಟುದ್ದ! ಭಾವ ಇಡೀ ಸಂಸಾರದಲ್ಲಿ ಆಡದಷ್ಟು ಮಾತನ್ನು ಮೂರು ಅಕ್ಷರದಲ್ಲಿ ಆಡಿ ಮುಗಿಸಿದ್ದರು.

ಆಗ ಅಕ್ಕ ಮೆಲ್ಲಗೆ ಕೇಳಿದಳು. "ರೀ, ಗಿರಿ ಬಂದವ್ಳೆ. ಆಪ್ರೇಷನ್ ವಿಷ್ಯ ಇನ್ನೊಂದ್ಸಲ ಹೇಳಿ. ಮಾಡಿಸ್ಲಾ?"

ಲೋಟದ ಮೇಲಿದ್ದ ಅವಳ ಬೆರಳ ತುದಿ ಬೆಳ್ಳಗಾಗಿತ್ತು. ಆ ಬೆರಳು ನೋಡಿದ ಮೇಲೆ ನನಗೆ ಲೋಟ ಹೋಗುವ ದಾರಿ ಮೊದಲೇ ತಿಳಿಯಿತು. ಅಕ್ಕ ಚಿಕ್ಕವಳಿದ್ದಾಗ ನಿಟ್ಟೂರಿನ ಶಾಲೆಗೆ ಸೂಜಿ ಹಾಕುವವರು ಬಂದರೆಂದು ಹುಲ್ಲಿನ ಬಣವೆಯ ಹಿಂದೆ ಬಚ್ಚಿಟ್ಟುಕೊಂಡು, ಸಂಜೆಯವರೆಗೂ ಬಾರದೆ ಇಡೀ ಊರನ್ನು ಹುಡುಕಿಸಿದವಳು. ಲೋಟ ಕ ದ ಹತ್ತಿರ ಹೋಯಿತು. ಆಮೇಲೆ ಯ.

"ಕಾಯಿ ಅಂತಿದಾರೆ" ಎಂದರು ಲಲಿತಮ್ಮ. "ಕಾಯಬೇಕು. ಈಗ ಆಪರೇಷನ್ ಬೇಡ, ತಾನಾಗಿ ಕರಗತ್ತೆ, ಸ್ವಲ್ಪ ಕಾಯಿ ಅಂತ."

ನನ್ನ ಬೆರಳು ಲೋಟದಿಂದ ಯಾವಾಗ ಎದ್ದಿತೋ ತಿಳಿಯದು.

"ಕಯ ಅಂದ್ರೆ ಕಾಯಿ ಅಂತ ಯಾರ್ ಹೇಳಿದ್ದು? ಕೈ ಯಾಕಾಗಬಾರ್ದು? ಕಾಯ ಯಾಕಾಗಬಾರ್ದು? ತೆಂಗಿನಕಾಯಿ ಇರಬಹುದಲ್ಲ! ನನ್ನಕ್ಕನ ಪ್ರಾಣ ನಿಮ್ಮ ಒಂದು ದೀರ್ಘದ ಮೇಲೆ ನಿಂತಿದೆಯೇನ್ರೀ?"

"ಸಿಟ್ಟು ಮಾಡ್ಕೋಬೇಡಿ ಗಿರಿಜಮ್ಮ. ಆತ್ಮಕ್ಕೆ ನೋವಾಗತ್ತೆ."

ಆತ್ಮಕ್ಕೆ ನೋವಾಗುತ್ತದಂತೆ! ಅಲ್ಲಿಯವರೆಗೆ ನಾನು ಲಲಿತಮ್ಮನ ಕಡೆ ತಿರುಗಿ ಕೂಗುತ್ತಿದ್ದೆ. ಈಗ ಲೋಟದ ಕಡೆ ತಿರುಗಿದೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ. ಶಿವೈಕ್ಯರಾದವರು ಇಲ್ಲಿ ಬರುವುದಿಲ್ಲ ಎಂದು ವಾದ ಮಾಡಲು ಬಂದ ನಾನು, ಭಾವ ಎದುರಿಗೇ ಬಿಳಿ ಬೂಟು ಹಾಕಿಕೊಂಡು ಕೂತಿದ್ದಾರೆ ಎನ್ನುವ ಹಾಗೆ ಶುರು ಮಾಡಿದೆ.

"ಭಾವ, ಕೇಳಿಸ್ಕೊಳಿ. ನೋವಾಗ್ಲಿ ನಿಮಗೆ. ಅವತ್ತು ಎದೆ ಹಿಡ್ಕೊಂಡು ಕೂತಾಗ ಆಟೊ ತರಿಸಿದ್ದು ಯಾರು? ಇವಳು. ವಾಪಸ್ ಕಳಿಸಿದ್ದು ಯಾರು? ನೀವು. ಗ್ಯಾಸ್ ಅಂದ್ರಿ. ಸೋಡಾ ಕುಡಿದ್ರಿ. ಊರಿನ ಮಕ್ಕಳಿಗೆಲ್ಲ ಆರೋಗ್ಯ ಆರೋಗ್ಯ ಅಂತ ವಿಷಲ್ ಊದಿದೋರು, ಹೆಂಡ್ತಿ ಮಾತು ಕೇಳಿ ಆಸ್ಪತ್ರೆಗೆ ಹೋಗೋಕೆ ನಿಮಗೆ ಅವಮಾನ. ನೀವು ಹೋದ್ರಿ. ಇವಳು ಒಬ್ಳೇ ಆದ್ಳು. ಈಗ ಬಂದು ಇವಳಿಗೆ ಆಸ್ಪತ್ರೆ ಬೇಡ ಅಂತೀರಾ? ಯಾವ ಮುಖ ಇಟ್ಕೊಂಡು ಹೇಳ್ತೀರಿ?"

ನನ್ನ ಫ್ಯಾಕ್ಟರಿಯ ದನಿ ಆ ಸಣ್ಣ ಕೋಣೆಯಲ್ಲಿ ಗುಂಯ್‌ಗುಟ್ಟಿತು. ದೀಪ ಆರಿರಲಿಲ್ಲ. ಲಲಿತಮ್ಮ ಕಣ್ಣು ಬಿಟ್ಟಿದ್ದರು. ಬೀದಿಯಲ್ಲಿ ಯಾರೋ ನಿಂತು, ಮತ್ತೆ ನಡೆದು ಹೋದ ಸದ್ದಾಯಿತು. ಅಕ್ಕ ಇನ್ನು ನನ್ನನ್ನು ಮನೆಗೆ ಸೇರಿಸುವುದಿಲ್ಲ ಅಂದುಕೊಂಡೆ.

ಅಕ್ಕ ಲೋಟವನ್ನೇ ನೋಡುತ್ತಿದ್ದಳು. ಬೆರಳು ಅದರ ಮೇಲೇ ಇತ್ತು. ಮಾತಾಡಿದಳು, ನನ್ನ ಜೊತೆ ಅಲ್ಲ.

"ಹೌದಲ್ಲಾ ರೀ," ಎಂದಳು. "ಆಟೊ ಬಾಗಿಲಲ್ಲೇ ಇತ್ತು. ಸೀರೆ ಉಟ್ಕೊಂಡು ನಿಂತಿದ್ದೆ. ಒಂದೇ ಒಂದ್ಸಲ, ಒಂದ್ಸಲ ನನ್ ಮಾತು ಕೇಳಿ ಅಂತ ಕೈ ಮುಗಿದೆ. ಕೇಳಿದ್ರಾ?"

ಲೋಟ ಅಲುಗಲಿಲ್ಲ.

"ಹೇಳಿ. ಕೇಳಿದ್ರಾ? ಸುಮ್ನೆ ಗಾಬ್ರಿ ಬೀಳ್ಬೇಡ ಅಂದ್ರಿ. ನಾನು ಗಾಬ್ರಿ ಬಿದ್ದಿದ್ದು ಸುಮ್ನೆನಾ?" ಅವಳ ದನಿ ಏರುತ್ತಿತ್ತು. ಅಕ್ಕ ದನಿ ಏರಿಸಿದ್ದನ್ನು ನಾನು ಈ ಜನ್ಮದಲ್ಲಿ ಮೊದಲ ಸಲ ಕೇಳಿದೆ. ನಮ್ಮ ಮನೆಯ ಸಿಟ್ಟೆಲ್ಲ ನನಗೇ ಬಂತು, ಅಕ್ಕನ ಪಾಲಿಗೆ ಏನೂ ಉಳಿಯಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನಿಗೆ ಗೊತ್ತಿರಲಿಲ್ಲ. "ನನ್ ಮಾತು ನೀವು ಕೇಳ್ಲಿಲ್ಲ. ಇವತ್ತು ನಿಮ್ ಮಾತು ನಾನ್ಯಾಕ್ರೀ ಕೇಳ್ಲಿ? ನಂಗೂ ಹೆದ್ರಿಕೆ ಆಗ್ತದೆ. ಆದ್ರೂ ಹೋಯ್ತೀನಿ. ನೀವು ಬೇಡ ಅನ್ನಿ, ಕಾಯಿ ಅನ್ನಿ, ಏನ್ ಬೇಕಾದ್ರೂ ಅನ್ನಿ. ನಾನು ಹೋಯ್ತೀನಿ."

ಬೆರಳು ತೆಗೆದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, "ಬರ್ತೀನಿ ಲಲಿತಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದು ಹೊರಗೆ ನಡೆದಳು. ಲಲಿತಮ್ಮ ನಿಪ್ಪಟ್ಟಿನ ಡಬ್ಬ ತಂದು ನನ್ನ ಕೈಗಿತ್ತರು. ಏನು ಮಾಡಬೇಕೆಂದು ತಿಳಿಯದೆ ತೆಗೆದುಕೊಂಡೆ.

ಆಪರೇಷನ್ ಗೊತ್ತಾದ ದಿನವೇ ನಡೆಯಿತು. ಗಂಟನ್ನು ಪರೀಕ್ಷೆಗೆ ಕಳಿಸಿದರು. ಕೆಟ್ಟ ಗಂಟೇ ಆಗಿತ್ತು. "ಸರಿಯಾದ ಹೊತ್ತಿಗೆ ಬಂದ್ರಿ. ಬೇರೆ ಕಡೆ ಹಬ್ಬಿಲ್ಲ. ತಡ ಮಾಡಿದ್ರೆ ಕಷ್ಟ ಇತ್ತು" ಎಂದರು ಡಾಕ್ಟರಮ್ಮ. ಮುಂದಿನ ಚಿಕಿತ್ಸೆ ಇದೆ, ಕೂದಲು ಉದುರುತ್ತದೆ, ಮತ್ತೆ ಬರುತ್ತದೆ ಎಂದು ವಿವರಿಸಿದರು. ನಾನು ತಲೆಯಾಡಿಸುತ್ತಿದ್ದೆ. ತಲೆಯೊಳಗೆ ತಡ ಮಾಡಿದ್ರೆ, ತಡ ಮಾಡಿದ್ರೆ ಎಂಬ ಮಾತು ಯಂತ್ರದ ಹಾಗೆ ಬಡಿಯುತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸ್ಪಂದನಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಅತ್ತಳು, ಮಗುವೂ ಅತ್ತಿತು, ಆಮೇಲೆ ನಾನು.

ಅದೇ ವಾರ ಲಲಿತಮ್ಮ ಬಂದರು. ಬಿಸಿಲಲ್ಲಿ ಕುಣಿಗಲ್ಲಿನಿಂದ ಬಸ್ಸಿನಲ್ಲಿ, ಒಂದು ಬಾಟಲಿ ಎಳನೀರು ಹಿಡಿದುಕೊಂಡು. ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ಸಿಕ್ಕರು. ಅವರಿಗೆಂದು ನಾನು ಒಂದಿಷ್ಟು ಬೈಗುಳ ಸಿದ್ಧ ಮಾಡಿಟ್ಟಿದ್ದೆ, ಒಳ್ಳೊಳ್ಳೆಯವು. ರಿಪೋರ್ಟ್ ಏನು ಬಂತು ಎಂದು ಕೇಳಿದರು. ಹೇಳಿದೆ. ಗೋಡೆಗೆ ಕೈಕೊಟ್ಟು ನಿಂತರು.

"ನಾನು ತಪ್ಪು ಓದಿದ್ನಾ?" ಎಂದರು. ನನ್ನನ್ನು ಕೇಳಿದರೋ, ಕಾಶಿಯ ವೈದ್ಯನನ್ನೋ.

"ಹೌದು. ತಪ್ಪು ಓದಿದ್ರಿ" ಎಂದೆ. "ಇನ್ಯಾರಿಗೂ ಕಾಯಿಲೆ ವಿಷ್ಯ ಓದಬೇಡಿ. ನಿಮ್ಮ ಮಗನ ಹತ್ರ ನೀವು ಮಾತಾಡ್ಕೊಳಿ. ಅದನ್ನ ಕೇಳೋಕೆ ನಾನ್ಯಾರೂ ಅಲ್ಲ. ಇನ್ನೊಬ್ಬರ ಪ್ರಾಣದ ವಿಷ್ಯ ಬೇಡ."

"ಓದಲ್ಲ" ಎಂದರು, ಕನ್ನಡಕ ತೆಗೆದು ಒರೆಸುತ್ತ. ಬೈಗುಳಗಳೆಲ್ಲ ಹಾಗೇ ಉಳಿದವು. ಅವನ್ನೆಲ್ಲ ಈಗ ಯಾರ ಮೇಲೆ ಹಾಕಲಿ ಎಂದು ಒಳಗೊಳಗೇ ಕುದಿಯುತ್ತ ಅವರ ಹಿಂದೆ ವಾರ್ಡಿಗೆ ಹೋದೆ.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಲಲಿತಮ್ಮ ಅವಳ ಕೈ ಹಿಡಿದುಕೊಂಡು ಕೂತರು. ಇಬ್ಬರೂ ಅದೂ ಇದೂ ಮಾತಾಡಿದರು. ಕೊನೆಗೆ ಲಲಿತಮ್ಮ, ನನ್ನ ಕಡೆ ಒಂದು ಸಲ ಅಳುಕಿನಿಂದ ನೋಡಿ, ದನಿ ತಗ್ಗಿಸಿ ಹೇಳಿದರು: "ಗಂಗಮ್ಮ, ಬುಧವಾರ ಮೇಷ್ಟ್ರು ಬಂದಿದ್ರು. ಪಾಪ, ನಿಮ್ಮನ್ನೇ ಕೇಳ್ತಿದ್ರು. ನೀವು ಬೈದದ್ದಕ್ಕೆ ಬಹಳ ಬೇಜಾರು ಮಾಡ್ಕೊಂಡಿದಾರೆ."

ನಾನು ಬಾಯಿ ತೆರೆದೆ. ಅಕ್ಕ ಕೈ ಎತ್ತಿ ನನ್ನನ್ನು ತಡೆದಳು.

"ಮಾಡ್ಕೊಳ್ಲಿ ಬುಡಿ. ನಾನು ಅವರ ಹತ್ರ ಮಾತು ಬಿಟ್ಟಿದೀನಿ."

"ಹಾಗನ್ಬಾರ್ದು ಗಂಗಮ್ಮ..."

"ಯಾಕನ್ಬಾರ್ದು? ಇಷ್ಟು ವರ್ಷ ಅವರು ಹೂಂ ಅನ್ಕೊಂಡು ಕೂತಿದ್ರು. ನಾನು ಒಬ್ಳೇ ಗೋಡೆ ಜೊತೆ ಮಾತಾಡ್ದಂಗೆ ಮಾತಾಡಿದೀನಿ. ಈಗ ಅವರು ಮಾತಾಡ್ಲಿ, ನಾನು ಸುಮ್ನಿರ್ತೀನಿ. ನೀವೇ ಹೇಳ್ಬುಡಿ ಅವರಿಗೆ."

ಲಲಿತಮ್ಮ ಬಹಳ ಗಂಭೀರವಾಗಿ ತಲೆಯಾಡಿಸಿ, "ಹೇಳ್ತೀನಿ" ಎಂದರು.

ಶಿವೈಕ್ಯ, ಬಯಲು, ಬೆರಳಿನ ಒತ್ತಡ, ನಾನು ಹೇಳಬೇಕೆಂದಿದ್ದ ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಅಕ್ಕ ನನ್ನ ಕಡೆ ತಿರುಗಿ, "ನೀನ್ಯಾಕೇ ಹಂಗೆ ಗುರಾಯಿಸ್ತಿದೀಯ? ಆ ಎಳನೀರು ಬಗ್ಸು, ಬಾಯಿ ಒಣಗ್ತಾ ಅದೆ" ಎಂದಳು.

ಬಗ್ಗಿಸಿ ಕೊಟ್ಟೆ.